ಮೊಟ್ಟೆಯ ತೊಟ್ಟಿಯಿಂದ ಮರಿಯ ಹೊಂಡದವರೆಗೆ: ನಷ್ಟವಾಗುತ್ತಿರುವುದು ಎಲ್ಲಿ?

ಪ್ರಶ್ನೆ: ಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮೀನುಮರಿ ಉತ್ಪಾದನಾ ಘಟಕವಿದೆ. ದುಂಡು ತೊಟ್ಟಿಗಳಲ್ಲಿ ಕಾಟ್ಲಾ ಮತ್ತು ರೋಹು ಮರಿ ಮಾಡುತ್ತೇವೆ, ಹಾಪಾಗಳಲ್ಲಿ (ನೀರಿನಲ್ಲಿ ಕಟ್ಟುವ ಬಲೆಬಟ್ಟೆಯ ತೊಟ್ಟಿಲುಗಳಲ್ಲಿ) ಸಾಮಾನ್ಯ ಗೆಂಡೆಯ ಮೊಟ್ಟೆ ಇಡಿಸುತ್ತೇವೆ. ಕೊಳವೆಬಾವಿಯ ನೀರನ್ನು ಮೇಲ್ತೊಟ್ಟಿಗೆ ಏರಿಸಿ ಬಳಸುತ್ತೇವೆ. ನೂರರಲ್ಲಿ ತೊಂಬತ್ತು ಮೊಟ್ಟೆ ಫಲಿತವಾಗುತ್ತವೆ, ಆದರೆ ಅವುಗಳಲ್ಲಿ ಶೇಕಡಾ ಅರವತ್ತರಷ್ಟು ಮಾತ್ರ ಒಡೆದು ಮರಿಯಾಗುತ್ತವೆ. ಸಾಮಾನ್ಯ ಗೆಂಡೆಯ ಮೊಟ್ಟೆಗಳಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಐದು ಗುಂಟೆಯ ಹೊಂಡಕ್ಕೆ ಬಿಟ್ಟ ಸ್ಪಾನಿನಲ್ಲಿ, ಅಂದರೆ ಮೂರು ದಿನದ ಎಳೆಮರಿಗಳಲ್ಲಿ, ಕಾಲು ಭಾಗ ಉಳಿದರೆ ಹೆಚ್ಚು. ಹಾರ್ಮೋನಿನ ಪ್ರಮಾಣ ಹೆಚ್ಚಿಸಬೇಕೇ? ತೊಟ್ಟಿಗೆ ಔಷಧ ಹಾಕಬೇಕೇ?

ಉತ್ತರ: ಹಾರ್ಮೋನಿನ ಪ್ರಮಾಣವನ್ನು ಹೆಚ್ಚಿಸಬೇಡಿ. ನೂರಕ್ಕೆ ತೊಂಬತ್ತು ಮೊಟ್ಟೆಗಳು ಫಲಿತವಾಗುತ್ತಿವೆ ಎಂದರೆ ಚುಚ್ಚುಮದ್ದು ತನ್ನ ಕೆಲಸವನ್ನು ಮುಗಿಸಿದೆ, ಗಂಡು ಮೀನುಗಳೂ ಚೆನ್ನಾಗಿವೆ ಎಂದೇ ಅರ್ಥ. ಈಗ ಬಳಕೆಯಲ್ಲಿರುವ ಸಿದ್ಧ ಹಾರ್ಮೋನುಗಳನ್ನು ಹೆಣ್ಣು ಮೀನಿನ ಪ್ರತಿ ಕಿಲೋ ತೂಕಕ್ಕೆ 0.3ರಿಂದ 0.5 ಮಿ.ಲೀ., ಗಂಡಿಗೆ ಅದರ ಅರ್ಧದಷ್ಟು ಕೊಟ್ಟರೆ ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಖರ್ಚು ಹೆಚ್ಚುತ್ತದೆಯೇ ಹೊರತು ಮೊಟ್ಟೆ ಒಡೆಯುವ ಪ್ರಮಾಣ ಹೆಚ್ಚುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ನಿಂತ ನೀರಿನಲ್ಲಿ ಮೊಟ್ಟೆಯಿಡದ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತೇವೆ. ಮೊಟ್ಟೆ ಪಡೆಯುವ ಸಮಸ್ಯೆ ಅಂದೇ ಬಹುಮಟ್ಟಿಗೆ ಬಗೆಹರಿಯಿತು. ಪಡೆದ ಮೊಟ್ಟೆಯನ್ನು ಮರಿಯಾಗಿಸಿ ಉಳಿಸಿಕೊಳ್ಳುವ ಕೆಲಸ ಮಾತ್ರ ಪ್ರತಿ ಘಟಕದಲ್ಲೂ, ಅಲ್ಲಿನ ನೀರಿಗೂ ಹವೆಗೂ ತಕ್ಕಂತೆ, ಪ್ರತಿ ಮುಂಗಾರಿನಲ್ಲೂ ಹೊಸದಾಗಿಯೇ ಮಾಡಬೇಕಾದದ್ದು.

ಮೊದಲು ನಿಮ್ಮದೇ ಅಂಕಿಗಳನ್ನು ಒಂದು ಲೆಕ್ಕಕ್ಕೆ ತರೋಣ. ಹತ್ತು ಲಕ್ಷ ಮೊಟ್ಟೆಗಳಲ್ಲಿ ಒಂಬತ್ತು ಲಕ್ಷ ಫಲಿತವಾದವು ಎನ್ನೋಣ. ಅದರಲ್ಲಿ ಶೇಕಡಾ 60 ಒಡೆದರೆ 5,40,000 ಮರಿಗಳು. ಮೊದಲ ಮೂರು ದಿನಗಳಲ್ಲಿ ಐದರಲ್ಲಿ ಒಂದು ಸತ್ತರೂ 4,32,000 ಸ್ಪಾನ್ ನಿಮ್ಮ ಕೈಯಲ್ಲಿರುತ್ತದೆ. ಹೊಂಡದಲ್ಲಿ ಕಾಲು ಭಾಗ ಉಳಿದರೆ ಕೊನೆಗೆ ಸಿಗುವುದು 1,08,000 ಬಿತ್ತನೆ ಮರಿ. ಈಗ ಮೊಟ್ಟೆ ಒಡೆಯುವ ಪ್ರಮಾಣವನ್ನು 60ರಿಂದ 80ಕ್ಕೆ ಏರಿಸಿ ಹೊಂಡವನ್ನು ಇದ್ದಂತೆಯೇ ಬಿಟ್ಟರೆ 1,44,000 ಮರಿ ಸಿಗುತ್ತದೆ. ತೊಟ್ಟಿಯನ್ನು ಇದ್ದಂತೆಯೇ ಬಿಟ್ಟು ಹೊಂಡದಲ್ಲಿ ಅರ್ಧದಷ್ಟನ್ನು ಉಳಿಸಿಕೊಂಡರೆ 2,16,000 ಸಿಗುತ್ತದೆ. ಎರಡನ್ನೂ ಸರಿಪಡಿಸಬೇಕು ನಿಜ. ಆದರೆ ನಿಮ್ಮ ಪ್ರಶ್ನೆಯ ಬಹುಭಾಗ ತೊಟ್ಟಿಯ ಬಗ್ಗೆ ಇದೆ, ನಿಮ್ಮ ನಷ್ಟದ ಬಹುಭಾಗವೋ ಹೊಂಡದಲ್ಲಿದೆ. ಆದ್ದರಿಂದ ತೊಟ್ಟಿಯ ವಿಷಯವನ್ನು ಮೊದಲು ಹೇಳಿದರೂ ಹೊಂಡದ ವಿಷಯವನ್ನು ಹೆಚ್ಚು ವಿವರವಾಗಿ ಹೇಳುತ್ತೇನೆ.

ತೊಟ್ಟಿಯಲ್ಲಿ ಮೊಟ್ಟೆ ಯಾವ ಗಂಟೆಯಲ್ಲಿ ಸಾಯುತ್ತಿದೆ ಎಂಬುದು ಗೊತ್ತಾಗದೆ ಯಾವ ಬದಲಾವಣೆಯನ್ನೂ ಮಾಡಬೇಡಿ. ಕಾಟ್ಲಾ, ರೋಹು ಮೊಟ್ಟೆಗಳು ನೀರುಂಡು ಉಬ್ಬಿ ಸುಮಾರು 4ರಿಂದ 5 ಮಿ.ಮೀ. ಗಾತ್ರದ ಸ್ಫಟಿಕದ ಮಣಿಗಳಂತಾಗುತ್ತವೆ. ಒಳಗಿನ ಭ್ರೂಣ ಬರಿಗಣ್ಣಿಗೇ ಕಾಣುತ್ತದೆ. ಫಲಿತವಾಗದ ಮೊಟ್ಟೆಯೂ ಮೊದಲು ಹೀಗೆಯೇ ಉಬ್ಬುವುದರಿಂದ, ಇಟ್ಟ ಕೂಡಲೇ ಮಾಡುವ ಎಣಿಕೆಯನ್ನು ನಂಬಲಾಗದು. ಮೂರು ನಾಲ್ಕು ಗಂಟೆಗಳ ನಂತರ ಅದು ಬೆಳ್ಳಗೆ ಮಂಕಾದಾಗಲೇ ನಿಜ ತಿಳಿಯುವುದು. ನಾಲ್ಕನೆಯ, ಎಂಟನೆಯ ಮತ್ತು ಹನ್ನೆರಡನೆಯ ಗಂಟೆಯಲ್ಲಿ ತೊಟ್ಟಿಯ ಮೂರು ಕಡೆಗಳಿಂದ ತಲಾ ನೂರು ಮೊಟ್ಟೆಗಳನ್ನು ಬಿಳಿಯ ತಟ್ಟೆಗೆ ತೆಗೆದು ಎಣಿಸಿ ಬರೆದಿಡಿ. ನಾಲ್ಕು ಗಂಟೆಯಿಂದ ಎಂಟು ಗಂಟೆಯ ನಡುವೆಯೇ ಹೆಚ್ಚು ಸತ್ತರೆ, ತಾಯಿ ಮೀನಿನ ಮೊಟ್ಟೆಯ ಗುಣ ಅಥವಾ ಎಳೆಯ ಮೊಟ್ಟೆಗೆ ತಗಲಿದ ಪೆಟ್ಟು ಸಾಮಾನ್ಯವಾಗಿ ಕಾರಣ. ನಡುಹಗಲಿನಲ್ಲಿ ಸತ್ತರೆ ಶಾಖದ ಮೇಲೆ ಸಂಶಯ ಪಡಬೇಕು. ಭ್ರೂಣ ಪೂರ್ತಿ ಬೆಳೆದು, ಹೊರಳಾಡತೊಡಗಿ, ಒಡೆಯುವ ಹೊತ್ತಿಗೆ ಸಾಯುತ್ತಿದ್ದರೆ ಆಮ್ಲಜನಕದ ಕೊರತೆಯನ್ನೇ ಮೊದಲು ನೋಡಬೇಕು, ಏಕೆಂದರೆ ಭ್ರೂಣಕ್ಕೆ ಆಮ್ಲಜನಕ ಅತಿ ಹೆಚ್ಚು ಬೇಕಾಗುವುದು ಆಗಲೇ.

ನಿಮ್ಮ ವಿಷಯದಲ್ಲಿ ನನ್ನ ಮೊದಲ ಸಂಶಯ ಕೊಳವೆಬಾವಿಯ ನೀರಿನ ಮೇಲೆ. ಅದು ಕಣ್ಣಿಗೆ ತಿಳಿಯಾಗಿರುತ್ತದೆ, ರೋಗಾಣುಗಳು ಕಡಿಮೆ, ಶತ್ರು ಕೀಟಗಳಂತೂ ಇರುವುದೇ ಇಲ್ಲ. ಆ ಮಟ್ಟಿಗೆ ಒಳ್ಳೆಯದೇ. ಆದರೆ ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಇರಬಹುದು, ಇಂಗಾಲದ ಡೈ ಆಕ್ಸೈಡ್ ಮತ್ತು ಸಾರಜನಕ ಒತ್ತಡದಿಂದಾಗಿ ಹೆಚ್ಚಾಗಿ ಕರಗಿರಬಹುದು, ಕರಗಿದ ಕಬ್ಬಿಣವೂ ಇರಬಹುದು. ಕಬ್ಬಿಣ ಗಾಳಿ ತಗಲಿದ ಕೂಡಲೇ ತುಕ್ಕಿನ ಪುಡಿಯಾಗಿ ಮೊಟ್ಟೆಯ ಹೊರಪೊರೆಯ ಮೇಲೆ ಕೂರುತ್ತದೆ ಮತ್ತು ಭ್ರೂಣದ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಬಾವಿಯಿಂದ ನೇರವಾಗಿ ಒಂದು ಬಿಳಿ ಬಕೆಟ್ಟಿಗೆ ನೀರು ಹಿಡಿದು ರಾತ್ರಿಯಿಡೀ ಇಡಿ. ಬೆಳಿಗ್ಗೆ ನೀರು ಕೆಂಪಗಾಗಿ ತಳದಲ್ಲಿ ಗಸಿ ಕಂಡರೆ ಆ ನೀರನ್ನು ಶೋಧಿಸದೆ ಮೊಟ್ಟೆಯ ತೊಟ್ಟಿಗೆ ಬಿಡುವಂತಿಲ್ಲ. ಸಾರಜನಕದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕೆಲವು ವರ್ಷಗಳ ಹಿಂದೆ ಒಂದು ಘಟಕದಲ್ಲಿ ಮೊಟ್ಟೆಗಳೆಲ್ಲ ಚೆನ್ನಾಗಿ ಒಡೆದು, ಎರಡನೆಯ ದಿನ ಮರಿಗಳು ತಲೆ ಮೇಲಾಗಿ ನೀರಿನ ಮೇಲ್ಮೈಗೆ ತೇಲಿಬಂದು ಗುಂಪುಗುಂಪಾಗಿ ಸಾಯುವುದನ್ನು ಕಂಡಿದ್ದೇನೆ. ರೋಗವೆಂದು ತಿಳಿದ ಅವರು ಎರಡು ಬಗೆಯ ಔಷಧಗಳನ್ನು ಹಾಕಿಯೂ ಆಗಿತ್ತು. ಮರಿಯೊಂದನ್ನು ಭೂತಗನ್ನಡಿಯಲ್ಲಿ ನೋಡಿದಾಗ ದೇಹದೊಳಗೆ ಸಣ್ಣ ಗಾಳಿಗುಳ್ಳೆಗಳು ಹೊಳೆಯುತ್ತಿದ್ದವು. ಮೇಲ್ತೊಟ್ಟಿಯ ಬಾಯಿಗೆ ತೂತು ಕೊರೆದ ತಟ್ಟೆಗಳನ್ನು ಒಂದರ ಕೆಳಗೊಂದರಂತೆ ನಾಲ್ಕು ಹಂತ ಜೋಡಿಸಿ, ನೀರು ಹನಿಹನಿಯಾಗಿ ಬೀಳುವಂತೆ ಮಾಡಿದ ಮೇಲೆ ಆ ಸಾವು ನಿಂತಿತು. ನೀವೂ ಇದನ್ನೇ ಮಾಡಿ. ತಟ್ಟೆಗಳ ಮೇಲಿಂದ ಬಿದ್ದ ನೀರು ಒಂದು ತೊಟ್ಟಿಯಲ್ಲಿ ಕೆಲವು ಗಂಟೆ ತಂಗಲಿ, ಅಲ್ಲಿಂದ ಜಲ್ಲಿ ಮತ್ತು ಮರಳಿನ ಸೋಸುಪದರದ ಮೂಲಕ ಹಾದು ಮುಂದೆ ಹೋಗಲಿ. ಹೆಚ್ಚುವರಿ ಅನಿಲ ಹೊರಹೋಗುವುದು, ಆಮ್ಲಜನಕ ಸೇರುವುದು, ಕಬ್ಬಿಣ ತಂಗುವುದು, ಮೂರೂ ಈ ಒಂದೇ ಏರ್ಪಾಡಿನಿಂದ ಆಗುತ್ತವೆ. ಮೊಟ್ಟೆಯ ತೊಟ್ಟಿಯ ಹೊರದಾರಿಯಲ್ಲಿ, ಒಳದಾರಿಯಲ್ಲಲ್ಲ, ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂಗಿಂತ ಕೆಳಗಿಳಿಯಬಾರದು.

ನೀರಿನ ಗಡಸುತನವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಮಲೆನಾಡಿನ ಅಂಚಿನ ನೀರು ತೀರ ಮೃದುವಾಗಿರುವುದುಂಟು. ಬಹಳ ಮೃದು ನೀರಿನಲ್ಲಿ ಮೊಟ್ಟೆಗಳು ಮಿತಿಮೀರಿ ಉಬ್ಬಿ, ಪೊರೆ ತೆಳುವಾಗಿ, ಹೊತ್ತಿಗೆ ಮುಂಚೆಯೇ ಒಡೆಯುತ್ತವೆ. ಮುಂದೆ ಬೆಳ್ಳಿಗೆಂಡೆಯ ಮರಿ ಮಾಡುವ ಯೋಚನೆ ನಿಮಗಿದ್ದರೆ ಇದು ಇನ್ನೂ ಮುಖ್ಯವಾಗುತ್ತದೆ, ಏಕೆಂದರೆ ಆ ಮೀನಿನ ಮೊಟ್ಟೆ ಈ ವಿಷಯದಲ್ಲಿ ಬಹಳ ನಾಜೂಕು.

ಎರಡನೆಯದು ಶಾಖ. 26ರಿಂದ 31 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಟ್ಲಾ, ರೋಹು ಮೊಟ್ಟೆಗಳು 14ರಿಂದ 20 ಗಂಟೆಗಳೊಳಗೆ ಒಡೆಯುತ್ತವೆ. 27ರಿಂದ 29 ಡಿಗ್ರಿ ಅತ್ಯುತ್ತಮ. ಸಂಜೆ ಆರರ ಸುಮಾರಿಗೆ ಚುಚ್ಚುಮದ್ದು ಕೊಟ್ಟರೆ ಬೆಳಗಿನ ಜಾವದಲ್ಲಿ ಮೊಟ್ಟೆಯಿಡುತ್ತವೆ. ಅಂದರೆ ಭ್ರೂಣ ರೂಪುಗೊಳ್ಳುವ ಅತಿ ಸೂಕ್ಷ್ಮ ಗಂಟೆಗಳೆಲ್ಲ ಹಗಲಿನಲ್ಲೇ ಕಳೆಯುತ್ತವೆ. ಆ ಹಗಲಿನಲ್ಲಿ ನಿಮ್ಮ ಮೇಲ್ತೊಟ್ಟಿ, ಅದರಲ್ಲೂ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಆಗಿದ್ದರೆ, ಬಿಸಿಲಿಗೆ ಕಾದು ಕೂತಿರುತ್ತದೆ. 32 ಡಿಗ್ರಿ ದಾಟಿದರೆ ಬೆನ್ನು ಬಾಗಿದ, ಸುರುಳಿಯಾದ, ಅಕಾಲದಲ್ಲಿ ಒಡೆದ ಮರಿಗಳು ಹೆಚ್ಚುತ್ತವೆ. ಅವು ಎಣಿಕೆಗೆ ಸಿಕ್ಕರೂ ಹೊಂಡದಲ್ಲಿ ಬದುಕುವುದಿಲ್ಲ. ಮೇಲ್ತೊಟ್ಟಿಗೂ ಮೊಟ್ಟೆಯ ತೊಟ್ಟಿಗೂ ತೆಂಗಿನ ಗರಿಯದೋ ನೆರಳು ಬಲೆಯದೋ ಚಪ್ಪರ ಹಾಕಿಸಿ. ಮೇ ತಿಂಗಳಲ್ಲಿ ಮೊದಲ ಗಿರಾಕಿಯನ್ನು ಹಿಡಿಯುವ ಆತುರದಿಂದ ಹಂಗಾಮನ್ನು ಹೊತ್ತಿಗೆ ಮುಂಚೆಯೇ ಶುರುಮಾಡುವುದು ಬೇಡ. ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುಮೀನು ಏರುವುದನ್ನು ನೀವು ನೋಡಿಯೇ ಇರುತ್ತೀರಿ. ಮೃಗಶಿರಾ, ಆರಿದ್ರಾ ಮಳೆಗಳಿಂದ ನೀರು ತಂಪಾಗುವ ಆ ಹೊತ್ತೇ ನಿಮ್ಮ ತೊಟ್ಟಿಯ ಮೀನಿಗೂ ಸರಿಯಾದ ಹೊತ್ತು.

ಮೂರನೆಯದು ನೀರಿನ ಓಟ ಮತ್ತು ಮೊಟ್ಟೆಗಳ ದಟ್ಟಣೆ. ದುಂಡು ತೊಟ್ಟಿಯಲ್ಲಿ ಒಂದು ಘನ ಮೀಟರ್ ನೀರಿಗೆ 7ರಿಂದ 10 ಲಕ್ಷ ಮೊಟ್ಟೆಗಳೇ ಮಿತಿ, ಅದೂ ನೀರಿನ ಓಟ ಒಂದು ಕ್ಷಣವೂ ನಿಲ್ಲದಿದ್ದರೆ. ಮೊಟ್ಟೆ ಒಡೆಯುವ ಹೊತ್ತಿಗೆ ಭ್ರೂಣ ಪೊರೆಯನ್ನು ಕರಗಿಸುವ ಕಿಣ್ವವನ್ನು ಹೊರಬಿಡುತ್ತದೆ. ಕಿಕ್ಕಿರಿದ ತೊಟ್ಟಿಯಲ್ಲಿ, ನೀರಿನ ಓಟ ಸಾಲದಿದ್ದರೆ, ಮೊದಲು ಒಡೆದವುಗಳ ಕಿಣ್ವವು ಇನ್ನೂ ಬಲಿಯದ ನೆರೆಯ ಮೊಟ್ಟೆಗಳ ಪೊರೆಯನ್ನೂ ಕರಗಿಸಿ ಅವುಗಳನ್ನು ಹೊತ್ತಿಗೆ ಮುಂಚೆ ಹೊರದಬ್ಬುತ್ತದೆ. ಆದ್ದರಿಂದ ಬೇರೆ ಬೇರೆ ಹೊತ್ತಿನಲ್ಲಿ ಇಟ್ಟ ಮೊಟ್ಟೆಗಳನ್ನು ಒಂದೇ ತೊಟ್ಟಿಗೆ ಸೇರಿಸಬೇಡಿ. ಓಟದ ವೇಗ ಎಷ್ಟಿರಬೇಕೆಂಬುದಕ್ಕೆ ಅಂಕಿಗಿಂತ ಮೊಟ್ಟೆಯನ್ನು ನೋಡಿ ತೀರ್ಮಾನಿಸುವುದು ಮೇಲು. ಎಳೆಯ ಮೊಟ್ಟೆಗಳು ತಳದಲ್ಲಿ ಎಲ್ಲೂ ರಾಶಿ ಬೀಳದೆ, ಜಾಲರಿಗೂ ಅಪ್ಪಳಿಸದೆ, ನಿಧಾನವಾಗಿ ಹೊರಳುತ್ತ ಸುತ್ತುತ್ತಿರಬೇಕು. ಒಡೆಯಲು ಶುರುವಾದಾಗ ಓಟವನ್ನು ತಗ್ಗಿಸಬೇಕು, ಏಕೆಂದರೆ ಆಗ ಹೊರಬಂದ ಮರಿಗೆ ಈಜುವ ಶಕ್ತಿಯಿಲ್ಲ. ಎಲ್ಲ ಒಡೆದ ಮೇಲೆ ಮತ್ತೆ ಸ್ವಲ್ಪ ಹೆಚ್ಚಿಸಬೇಕು. ಒಡೆದ ಪೊರೆಗಳು ಜಾಲರಿಯ ಕಣ್ಣುಗಳನ್ನು ಕಟ್ಟಿಬಿಡುವುದು ಅದೇ ಹೊತ್ತಿನಲ್ಲಿ. ಮೆತ್ತನೆಯ ಕುಂಚ ಹಿಡಿದ ಒಬ್ಬರು ಆ ನಾಲ್ಕೈದು ಗಂಟೆ ಜಾಲರಿಯ ಪಕ್ಕದಿಂದ ಕದಲಬಾರದು. ಹೆಚ್ಚಿನ ಘಟಕಗಳಲ್ಲಿ ಇದು ರಾತ್ರಿ ಎಂಟರಿಂದ ನಡುರಾತ್ರಿಯವರೆಗಿನ ಹೊತ್ತಾದ್ದರಿಂದ, ದುಡಿದು ದಣಿದ ಕೆಲಸಗಾರರು ಮಲಗಿಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಚುಚ್ಚುಮದ್ದಿನ ಕೆಲಸಕ್ಕೂ ಜಾಲರಿಯ ಕೆಲಸಕ್ಕೂ ಬೇರೆ ಬೇರೆ ಪಾಳಿ ಮಾಡಿ.

ಇದರ ಜೊತೆಗೇ ಹೇಳಬೇಕಾದದ್ದು ಕರೆಂಟಿನ ವಿಷಯ. ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ ಇರುವ ಹಳ್ಳಿಗಳಲ್ಲಿ ಮೇಲ್ತೊಟ್ಟಿ ಬರಿದಾಗಿ ನೀರು ನಿಂತರೆ ಮೊಟ್ಟೆಗಳು ತಳಕ್ಕೆ ಕುಸಿದು, ಒಂದರ ಮೇಲೊಂದು ಬಿದ್ದು, ಸ್ವಲ್ಪ ಹೊತ್ತಿನಲ್ಲೇ ಉಸಿರುಕಟ್ಟುತ್ತವೆ. ನಿಮ್ಮ ತೊಟ್ಟಿಗೆ ಗಂಟೆಗೆ ಎಷ್ಟು ನೀರು ಬೇಕು, ನಿಮ್ಮ ಕಡೆ ಕರೆಂಟು ಒಮ್ಮೆಗೆ ಅತಿ ಹೆಚ್ಚೆಂದರೆ ಎಷ್ಟು ಗಂಟೆ ಹೋಗುತ್ತದೆ, ಇವೆರಡನ್ನು ಗುಣಿಸಿದರೆ ಬರುವಷ್ಟು ನೀರು ಮೇಲ್ತೊಟ್ಟಿಯಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಡೀಸೆಲ್ ಪಂಪು ಸಿದ್ಧವಿರಬೇಕು. ಅದೂ ಇಲ್ಲದಿದ್ದರೆ ಮೊಟ್ಟೆಯ ಪ್ರಮಾಣವನ್ನು ಅರ್ಧಕ್ಕೆ ಇಳಿಸುವುದೇ ಲಾಭ.

ಸಾಮಾನ್ಯ ಗೆಂಡೆಯ ಮೊಟ್ಟೆಯ ಸ್ವಭಾವವೇ ಬೇರೆ. ಅದು ಚಿಕ್ಕದು, ಅಂಟುವಂಥದ್ದು, ಒಡೆಯಲು ಎರಡು ಮೂರು ದಿನ ಬೇಕು. ನೀವು ಹೇಳುವ ಬೂಷ್ಟು ಸ್ಯಾಪ್ರೊಲೆಗ್ನಿಯಾ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ. ಅದು ಮೊದಲು ಸತ್ತ ಮೊಟ್ಟೆಯ ಮೇಲೆ ಹುಟ್ಟಿ, ಪಕ್ಕದ ಜೀವಂತ ಮೊಟ್ಟೆಗಳನ್ನು ಎಳೆಗಳಿಂದ ಸುತ್ತಿಕೊಂಡು ಉಸಿರುಕಟ್ಟಿಸುತ್ತದೆ. ಆದ್ದರಿಂದ ಮೊಟ್ಟೆಗಳು ಒಂದರ ಮೇಲೊಂದು ಅಂಟದಷ್ಟು ಧಾರಾಳವಾಗಿ ಜಲಸಸ್ಯವನ್ನು ಕೊಡಿ. ಹೈಡ್ರಿಲ್ಲಾ ಬಳಸುವುದಾದರೆ ಮೊದಲೇ ಚೆನ್ನಾಗಿ ತೊಳೆದು, ಪೊಟ್ಯಾಸಿಯಂ ಪರ್ಮಾಂಗನೇಟಿನ ತೆಳು ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಬಿಡಿಸಿದ ನೈಲಾನ್ ಹಗ್ಗದ ಕುಚ್ಚು ಇನ್ನೂ ಒಳ್ಳೆಯದು, ಅದು ಕೊಳೆಯುವುದಿಲ್ಲ. ಮೊಟ್ಟೆಯನ್ನು ಹಿಂಡಿ ತೆಗೆದು ಕೈಯಲ್ಲೇ ಫಲಿತಗೊಳಿಸುವ ಅನುಭವ ನಿಮಗಿದ್ದರೆ, 10 ಲೀಟರ್ ನೀರಿಗೆ 30 ಗ್ರಾಂ ಯೂರಿಯಾ ಮತ್ತು 40 ಗ್ರಾಂ ಉಪ್ಪು ಬೆರೆಸಿದ ದ್ರಾವಣದಲ್ಲಿ ಒಂದು ಗಂಟೆಗೂ ಮೀರಿ ಮೃದುವಾಗಿ ಕಲಕುತ್ತ ಅಂಟನ್ನು ಬಿಡಿಸಿ, ಕೊನೆಗೆ ಟ್ಯಾನಿಕ್ ಆಮ್ಲದ ಬಹಳ ತೆಳು ದ್ರಾವಣದಲ್ಲಿ ಕೆಲವೇ ಸೆಕೆಂಡು ತೊಳೆದು, ಜಾಡಿಗಳಲ್ಲಿ ಒಡೆಯಿಸಬಹುದು. ಬೂಷ್ಟಿಗೆ ಮ್ಯಾಲಕೈಟ್ ಗ್ರೀನ್ ಹಾಕಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಹಾರಕ್ಕಾಗಿ ಸಾಕುವ ಮೀನಿನಲ್ಲಿ ಅದರ ಬಳಕೆ ನಿಷಿದ್ಧ. ಅದರ ಅಂಶ ಮಾಂಸದಲ್ಲಿ ಉಳಿಯುತ್ತದೆ, ಮುಟ್ಟುವ ನಿಮಗೂ ಒಳ್ಳೆಯದಲ್ಲ.

ತಾಯಿ ಮೀನಿನ ಬಗ್ಗೆ ಒಂದೆರಡು ಮಾತು. ಎಂಟನೆಯ ಗಂಟೆಯೊಳಗೇ ಮೊಟ್ಟೆಗಳು ಸಾಯುತ್ತಿದ್ದರೆ ಕಾರಣ ಕಳೆದ ಜನವರಿಯಲ್ಲಿದೆ ಎಂದು ತಿಳಿಯಿರಿ. ಮೊಟ್ಟೆಯ ಹಳದಿಯಲ್ಲಿ ತುಂಬಿಕೊಳ್ಳುವ ಪುಷ್ಟಿಯೆಲ್ಲ ಹಂಗಾಮಿಗೆ ಮೂರು ನಾಲ್ಕು ತಿಂಗಳು ಮೊದಲಿನ ಆಹಾರದಿಂದ ಬಂದದ್ದು. ಬರಿಯ ತೌಡು, ಹಿಂಡಿ ತಿಂದ ಮೀನು ಮೊಟ್ಟೆಯನ್ನೇನೋ ಇಡುತ್ತದೆ, ಆದರೆ ಅದರ ಮರಿಗೆ ಬಲವಿರುವುದಿಲ್ಲ. ಶೇಕಡಾ 25ರಿಂದ 30 ಸಸಾರಜನಕದ ಜೊತೆಗೆ ಮೀನೆಣ್ಣೆ, ಖನಿಜ ಮತ್ತು ಜೀವಸತ್ವಗಳಿರುವ ಆಹಾರ ಬೇಕು; ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಸಾಕಣೆ ಸಂಸ್ಥೆ ರೂಪಿಸಿದ ಸಿಫಾಬ್ರೂಡ್ ಈ ಉದ್ದೇಶದ್ದೇ. ಇನ್ನೊಂದು ಅಪಾಯ ಒಳಸಂತಾನದ್ದು. ಒಂದೇ ಹೊಂಡದ ಅಣ್ಣತಂಗಿ ಮೀನುಗಳನ್ನು ವರ್ಷಗಟ್ಟಲೆ ಕೂಡಿಸುತ್ತ ಬಂದರೆ ಮೊಟ್ಟೆಯೊಡೆಯುವ ಪ್ರಮಾಣವೂ ಮರಿಯ ಬದುಕುವ ಶಕ್ತಿಯೂ ಮೆಲ್ಲಗೆ ಇಳಿಯುತ್ತವೆ. ಈ ಒಳಸಂತಾನದ ಬಗ್ಗೆ 1990ರಲ್ಲಿ ಪ್ರಕಟವಾದ ಒಂದು ಮುಖ್ಯ ಅಧ್ಯಯನ ನಡೆದದ್ದು ನಮ್ಮ ಕರ್ನಾಟಕದ ಘಟಕಗಳಲ್ಲೇ ಎಂಬುದನ್ನು ನಾವು ಮರೆಯಬಾರದು. ಎರಡು ಮೂರು ವರ್ಷಕ್ಕೊಮ್ಮೆ ಸಂಬಂಧವಿಲ್ಲದ ಮೂಲದಿಂದ ಗಂಡು ಮೀನುಗಳನ್ನು ತಂದು ಸೇರಿಸಿ. ರೋಹುವಿನಲ್ಲಿ ಭುವನೇಶ್ವರದ ಅದೇ ಸಂಸ್ಥೆಯ ಆಯ್ಕೆ ತಳಿ ಜಯಂತಿ ಸಿಗುತ್ತದೆ.

ಇನ್ನು ಹೊಂಡಕ್ಕೆ ಬರೋಣ. ಮೊಟ್ಟೆಯಿಂದ ಹೊರಬಂದ ಮರಿ ಸುಮಾರು 72 ಗಂಟೆ ತನ್ನ ಹೊಟ್ಟೆಯ ಹಳದಿ ಚೀಲದಿಂದಲೇ ಬದುಕುತ್ತದೆ. ಆ ಮೂರು ದಿನ ಅದಕ್ಕೆ ಆಹಾರ ಕೊಡುವುದು ತಪ್ಪು. ಕೊಟ್ಟ ಆಹಾರ ಕೊಳೆತು ನೀರನ್ನು ಕೆಡಿಸುತ್ತದೆ. ಮೂರನೆಯ ದಿನ ಬಾಯಿ ತೆರೆದು, 6-7 ಮಿ.ಮೀ. ಉದ್ದವಾಗಿ, ನೆಟ್ಟಗೆ ಈಜತೊಡಗಿದ ಮೇಲೆ ಅದೇ ಸ್ಪಾನ್. ಅಲ್ಲಿಂದ ಮುಂದಿನ ನಾಲ್ಕೈದು ದಿನಗಳಲ್ಲಿ ಅದರ ಬದುಕು ಸಾವು ತೀರ್ಮಾನವಾಗುತ್ತದೆ. ಅದರ ಬಾಯಿ ಸೂಜಿಯ ಮೊನೆಯಷ್ಟು. ಆ ಬಾಯಿಗೆ ಹಿಡಿಯುವ ರೋಟಿಫರ್‌ನಂತಹ ಅತಿ ಸಣ್ಣ ಪ್ರಾಣಿ ಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಆ ದಿನವೇ, ಆ ಹೊಂಡದಲ್ಲೇ ಸಿಗಬೇಕು. ಗೊಬ್ಬರ ಹಾಕಿದ ಹೊಸ ನೀರಿನಲ್ಲಿ ಮೊದಲು ಹೆಚ್ಚುವುದು ಈ ಸಣ್ಣ ಜೀವಿಗಳೇ, ನಂತರ ಮೊಯಿನಾದಂತಹ ನೀರುಚಿಗಟಗಳು, ಆಮೇಲೆ ಸೈಕ್ಲಾಪ್ಸ್. ಈ ಸೈಕ್ಲಾಪ್ಸ್ ಸ್ಪಾನಿಗೆ ಆಹಾರವಾಗುವ ಬದಲು ಸ್ಪಾನನ್ನೇ ಕಚ್ಚಿ ಗಾಯಗೊಳಿಸುತ್ತದೆ. ಒಂದು ತಿಂಗಳು ಮೊದಲೇ ಹೊಂಡ ತುಂಬಿಸಿ, ಗೊಬ್ಬರ ಹಾಕಿ, ನೀರು ದಟ್ಟ ಹಸಿರಾದ ಮೇಲೆ ನೆಮ್ಮದಿಯಿಂದ ಮರಿ ಬಿಡುವವರು ಕಳೆದುಕೊಳ್ಳುವುದು ಹೀಗೆ. ಅವರ ಹೊಂಡದಲ್ಲಿ ಆಹಾರ ಬೇಕಾದಷ್ಟಿರುತ್ತದೆ, ಸ್ಪಾನಿನ ಬಾಯಿಗೆ ಹಿಡಿಯುವ ಆಹಾರ ಇರುವುದಿಲ್ಲ, ಶತ್ರುಗಳಂತೂ ಬೆಳೆದು ಕಾದಿರುತ್ತವೆ. ಹೊಂಡದ ದಿನಚರಿಯನ್ನು ಚುಚ್ಚುಮದ್ದಿನ ದಿನದಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿ. ನಿಮ್ಮ ಪ್ರಶ್ನೆಗೆ ನಾನು ಕೊಡಬಲ್ಲ ಅತ್ಯಂತ ಮುಖ್ಯವಾದ ಸಲಹೆ ಇದೇ.

ನಿಮ್ಮ ಐದು ಗುಂಟೆಯ, ಅಂದರೆ ಸುಮಾರು 500 ಚದರ ಮೀಟರಿನ ಹೊಂಡಕ್ಕೆ ಈ ಲೆಕ್ಕ ಹೀಗಿದೆ. ಬೇಸಿಗೆಯಲ್ಲಿ ಹೊಂಡವನ್ನು ಪೂರ್ತಿ ಬತ್ತಿಸಿ, ತಳ ಬಿರಿಯುವವರೆಗೆ ಒಣಗಿಸಿ, ಮಣ್ಣಿನ ಹುಳಿಯನ್ನು ನೋಡಿ 10ರಿಂದ 25 ಕಿಲೋ ಸುಣ್ಣ ಹಾಕಿ. ಬತ್ತಿಸಲು ಆಗದಿದ್ದರೆ ಅಲ್ಲಿರುವ ಕೊರವ, ಸೀಗಡಿ, ಸಣ್ಣ ಕಳೆಮೀನುಗಳನ್ನು ನಿವಾರಿಸಲೇಬೇಕು. ಒಂದು ಮೀಟರ್ ಆಳದ ನೀರಿಗೆ 125 ಕಿಲೋ ಹಿಪ್ಪೆ ಹಿಂಡಿ ಬೇಕಾಗುತ್ತದೆ. ಅದರ ವಿಷ ಎರಡು ಮೂರು ವಾರ ಇರುತ್ತದೆ, ಆಮೇಲೆ ಗೊಬ್ಬರವಾಗುತ್ತದೆ. ಬ್ಲೀಚಿಂಗ್ ಪುಡಿಯಾದರೆ 17.5 ಕಿಲೋ, ಒಂದು ವಾರದಲ್ಲಿ ನೀರು ಶುದ್ಧವಾಗುತ್ತದೆ. ಸ್ಪಾನ್ ಬಿಡುವ ಎರಡು ಮೂರು ದಿನ ಮೊದಲು ಗೊಬ್ಬರ ಕೊಡಬೇಕು. ಒಟ್ಟು ಪ್ರಮಾಣ 37.5 ಕಿಲೋ ಶೇಂಗಾ ಹಿಂಡಿ, 10 ಕಿಲೋ ಸಗಣಿ, 2.5 ಕಿಲೋ ಸೂಪರ್ ಫಾಸ್ಫೇಟ್. ಇವನ್ನು ನೆನೆಸಿ, ಗಟ್ಟಿ ಗಂಜಿಯಂತೆ ಕಲಸಿ, ಅರ್ಧವನ್ನು ಮೊದಲು ಎರಚಿ, ಉಳಿದರ್ಧವನ್ನು ಮರಿ ಬಿಟ್ಟ ಮೇಲೆ ನೀರಿನ ಬಣ್ಣ ನೋಡಿಕೊಂಡು ಎರಡು ಮೂರು ಕಂತಿನಲ್ಲಿ ಕೊಡಿ. ಹೊಂಡದ ನಾಲ್ಕಾರು ಕಡೆಯಿಂದ 50 ಲೀಟರ್ ನೀರನ್ನು ಪ್ಲವಕದ ಬಲೆಯಲ್ಲಿ ಸೋಸಿದಾಗ ತಳದಲ್ಲಿ 1ರಿಂದ 1.5 ಮಿ.ಲೀ. ಪ್ಲವಕ ನಿಂತರೆ ಹೊಂಡ ಸಿದ್ಧವಾಗಿದೆ.

ಇಷ್ಟಾದರೂ ಜಲಕೀಟಗಳು ಉಳಿದಿರುತ್ತವೆ. ಬೆನ್ನಮೇಲೆ ಈಜುವ ಕೀಟ, ನೀರುಜೀರುಂಡೆ, ಕೊಡತಿಹುಳುವಿನ (ಡ್ರ್ಯಾಗನ್‌ಫ್ಲೈ) ಮರಿ ಇವೆಲ್ಲ ಹಾರಿಬಂದೋ ಮೊಟ್ಟೆಯಿಟ್ಟೋ ಹೊಸ ನೀರನ್ನು ಒಂದೆರಡು ದಿನದಲ್ಲೇ ಸೇರಿಕೊಳ್ಳುತ್ತವೆ. ಕಾಲು ಭಾಗ ಮಾತ್ರ ಉಳಿಯುತ್ತಿದೆ ಎಂಬ ನಿಮ್ಮ ಮಾತು ಕೇಳಿದ ಕೂಡಲೇ ನನಗೆ ನೆನಪಾದದ್ದು ಇವೇ. ಇವುಗಳಲ್ಲಿ ಬಹುತೇಕ ಕೀಟಗಳು ಮೇಲ್ಮೈಗೆ ಬಂದು ಗಾಳಿಯನ್ನು ಉಸಿರಾಡುವುದರಿಂದ, ನೀರಿನ ಮೇಲೆ ಎಣ್ಣೆಯ ತೆಳುಪೊರೆ ಹರಡಿದರೆ ಅವು ಸಾಯುತ್ತವೆ. 2.8 ಕಿಲೋ ಅಗ್ಗದ ಅಡುಗೆ ಎಣ್ಣೆಯನ್ನು 900 ಗ್ರಾಂ ಬಟ್ಟೆ ಸಾಬೂನಿನೊಂದಿಗೆ ಬಿಸಿನೀರಿನಲ್ಲಿ ಕಲಸಿ, ಗಾಳಿಯಿಲ್ಲದ ಹೊತ್ತಿನಲ್ಲಿ, ಮರಿ ಬಿಡುವ 12ರಿಂದ 24 ಗಂಟೆ ಮೊದಲು ಮೇಲ್ಮೈಗೆ ಚಿಮುಕಿಸಿ. ಗಾಳಿ ಬೀಸಿದರೆ ಎಣ್ಣೆ ಒಂದು ದಡಕ್ಕೆ ಸೇರಿ ಶ್ರಮ ವ್ಯರ್ಥವಾಗುತ್ತದೆ. ಕೊಡತಿಹುಳುವಿನ ಮರಿ ಮಾತ್ರ ಕಿವಿರಿನಿಂದ ಉಸಿರಾಡುವುದರಿಂದ ಇದಕ್ಕೆ ಬಗ್ಗದು. ಅದನ್ನು ಸಣ್ಣ ಕಣ್ಣಿನ ಬಲೆ ಎಳೆದೇ ತೆಗೆಯಬೇಕು. ಹೊಂಡವನ್ನು ತೀರ ಮೊದಲೇ ತುಂಬಿಸಬಾರದು ಎಂದದ್ದಕ್ಕೆ ಇದೂ ಒಂದು ಕಾರಣ.

ಈ ಹೊಂಡಕ್ಕೆ ಒಂದೂವರೆಯಿಂದ ಎರಡೂವರೆ ಲಕ್ಷ ಸ್ಪಾನ್ ಸಾಕು. ಮೊದಲ ವರ್ಷ ಒಂದೂವರೆ ಲಕ್ಷಕ್ಕೆ ನಿಲ್ಲಿಸಿ. ಒಂದು ಮಿ.ಲೀ.ಗೆ ಸುಮಾರು 500 ಸ್ಪಾನ್ ಎಂಬುದು ವಾಡಿಕೆಯ ಲೆಕ್ಕ. ಬಟ್ಟಲಿನಲ್ಲಿ ನೀರು ಸರಿಯಾಗಿ ಬಸಿಯದಿದ್ದರೆ ಈ ಲೆಕ್ಕ ತಪ್ಪುತ್ತದೆ, ಮತ್ತು ನೀವು ಬಿಟ್ಟದ್ದೇ ಕಡಿಮೆಯಾಗಿದ್ದರೆ ಸತ್ತದ್ದು ಹೆಚ್ಚೆಂದು ಕಾಣುತ್ತದೆ. ಹೊಂಡವನ್ನು ದೂರುವ ಮೊದಲು ನಿಮ್ಮ ಬಟ್ಟಲಿನಲ್ಲಿ ಎಷ್ಟು ಹಿಡಿಯುತ್ತದೆಂದು ಮೂರು ಬಾರಿ ಎಣಿಸಿ ಸರಾಸರಿ ತೆಗೆಯಿರಿ. ಬೆಳಿಗ್ಗೆ ಬೇಗ ಅಥವಾ ಸಂಜೆ ತಂಪಿನಲ್ಲಿ, ಚೀಲವನ್ನು ಹೊಂಡದ ನೀರಿನಲ್ಲಿ ಇಪ್ಪತ್ತು ನಿಮಿಷ ತೇಲಬಿಟ್ಟು, ಹೊಂಡದ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಮರಿಗಳು ತಾವಾಗಿಯೇ ಹೊರಗೆ ಈಜಿಹೋಗುವಂತೆ ಬಿಡಿ. ನೆರಳಿನ ತೊಟ್ಟಿಯಲ್ಲಿ 27 ಡಿಗ್ರಿಯಲ್ಲಿದ್ದ ಮರಿಯನ್ನು ಮಧ್ಯಾಹ್ನ 33 ಡಿಗ್ರಿಯ ಹೊಂಡದ ಮೇಲ್ನೀರಿಗೆ ಸುರಿದರೆ ಅದು ಅಲ್ಲೇ ಸೋಲುತ್ತದೆ. ಸತ್ತದ್ದು ನಮಗೆ ಕಾಣುವುದೂ ಇಲ್ಲ, ಏಕೆಂದರೆ ಅಷ್ಟು ಚಿಕ್ಕ ಮರಿ ತೇಲುವುದಿಲ್ಲ, ತಳ ಸೇರಿ ಕರಗಿಹೋಗುತ್ತದೆ.

ಪುಡಿ ಮಾಡಿ ಜರಡಿ ಹಿಡಿದ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪ್ರಮಾಣದಲ್ಲಿ ಬೆರೆಸಿ, ಹತ್ತು ಲಕ್ಷ ಸ್ಪಾನಿಗೆ ಮೊದಲ ಐದು ದಿನ ದಿನಕ್ಕೆ 6 ಕಿಲೋ, ಆಮೇಲೆ 12 ಕಿಲೋ ಲೆಕ್ಕದಲ್ಲಿ, ಅಂದರೆ ಒಂದೂವರೆ ಲಕ್ಷಕ್ಕೆ 900 ಗ್ರಾಂ ಮತ್ತು 1.8 ಕಿಲೋ, ಎರಡು ಹೊತ್ತಿಗೆ ಹಂಚಿ ಕೊಡಿ. ಮೋಡ ಕವಿದು ಮಳೆ ಹಿಡಿದ ದಿನಗಳಲ್ಲಿ ಇದನ್ನು ಅರ್ಧಕ್ಕೆ ಇಳಿಸಿ, ಗೊಬ್ಬರವನ್ನು ನಿಲ್ಲಿಸಿ. ಬಿಸಿಲಿಲ್ಲದೆ ಪ್ಲವಕ ಸತ್ತು ಬೆಳಗಿನ ಜಾವ ಆಮ್ಲಜನಕ ತಳಮುಟ್ಟಿ, ಮರಿಗಳೆಲ್ಲ ಮೇಲ್ಮೈಯಲ್ಲಿ ಬಾಯಿಬಿಡುವುದು ಇಂಥ ದಿನಗಳಲ್ಲೇ. ಆಗ ಹೊಸ ನೀರು ಬಿಡಬೇಕು. ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ನಿಮ್ಮ ಪ್ರದೇಶದಲ್ಲಿ ವಿಶೇಷವಾಗಿ ಗಮನಿಸಿ. ನಾಲೆಯ ಬಸಿನೀರು ಭತ್ತದ ಗದ್ದೆಗಳಿಂದ ಇಳಿದು ಬರುವಂಥದ್ದಾದರೆ, ಗದ್ದೆಗೆ ಕೀಟನಾಶಕ ಹೊಡೆದ ವಾರದಲ್ಲಿ ಅದರ ಒಂದು ಕೊಡವೂ ಹೊಂಡಕ್ಕೆ ಬೀಳಬಾರದು. ವಯಸ್ಸಾದ ಮೀನು ತಾಳಿಕೊಳ್ಳುವ ಪ್ರಮಾಣಕ್ಕೇ ಸ್ಪಾನ್ ಸಾಯುತ್ತದೆ. ಹೊಂಡದ ಏರಿಯನ್ನು ಎತ್ತರಿಸಿ, ಸುತ್ತ ಬಸಿಗಾಲುವೆ ತೋಡಿಸಿ, ಪಕ್ಕದ ಗದ್ದೆಯವರಿಗೆ ನಿಮ್ಮ ಮರಿ ಬಿಡುವ ದಿನಗಳನ್ನು ಮೊದಲೇ ತಿಳಿಸಿ, ಅವರು ಔಷಧಿ ಹೊಡೆಯುವ ದಿನವನ್ನೂ ಕೇಳಿಟ್ಟುಕೊಳ್ಳಿ.

ಔಷಧದ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಉತ್ತರ: ಕಾರಣ ತಿಳಿಯದೆ ತೊಟ್ಟಿಗೂ ಬೇಡ, ಹೊಂಡಕ್ಕೂ ಬೇಡ. ಪ್ರತಿಜೀವಕಗಳಂತೂ ಖಂಡಿತ ಬೇಡ. ನೀವು ಬರೆದಿರುವ ಲಕ್ಷಣಗಳಲ್ಲಿ ಬೂಷ್ಟನ್ನು ಬಿಟ್ಟರೆ ರೋಗವೆಂದು ಹೇಳಬಹುದಾದದ್ದು ಯಾವುದೂ ಇಲ್ಲ, ಆ ಬೂಷ್ಟು ಕೂಡ ಸತ್ತ ಮೊಟ್ಟೆಯನ್ನು ಹಿಂಬಾಲಿಸಿ ಬಂದದ್ದು.

ಹೀಗೆ ನಡೆಸಿದ ಹೊಂಡದಲ್ಲಿ 15ರಿಂದ 20 ದಿನಗಳಲ್ಲಿ ಮರಿಗಳು 20-25 ಮಿ.ಮೀ. ಆಗುತ್ತವೆ, ನೂರಕ್ಕೆ 40ರಿಂದ 60 ಉಳಿಯುತ್ತವೆ. ಹಿಡಿಯುವ ಹಿಂದಿನ ದಿನ ಆಹಾರ ನಿಲ್ಲಿಸಿ, ಮೋಡದ ದಿನವನ್ನು ತಪ್ಪಿಸಿ ಬೆಳಿಗ್ಗೆಯೇ ಬಲೆ ಎಳೆಯಿರಿ. ಹಿಡಿದ ಮರಿಗಳನ್ನು ಹರಿಯುವ ನೀರಿನ ಹಾಪಾದಲ್ಲಿ ಕೆಲವು ಗಂಟೆ ಇರಿಸಿ ಹೊಟ್ಟೆ ಬರಿದಾದ ಮೇಲೆ ಎಣಿಸಿ. ಐದನೆಯ, ಹತ್ತನೆಯ ದಿನವೂ ಒಮ್ಮೊಮ್ಮೆ ಸಣ್ಣ ಬಲೆ ಎಳೆದು ಮರಿಯ ಉದ್ದವನ್ನೂ ಬಲೆಗೆ ಸಿಕ್ಕ ಕೀಟಗಳನ್ನೂ ಬರೆದಿಟ್ಟಿದ್ದರೆ, ಉಳಿವು 40ಕ್ಕಿಂತ ಕೆಳಗಿಳಿದ ಹೊಂಡದಲ್ಲಿ ಯಾವ ದಿನ ಏನಾಯಿತೆಂಬುದು ಆ ಪುಟದಲ್ಲೇ ಸಿಗುತ್ತದೆ. ಆ ಪುಟವನ್ನೂ ತೊಟ್ಟಿಯ ನಾಲ್ಕು, ಎಂಟು, ಹನ್ನೆರಡನೆಯ ಗಂಟೆಯ ಎಣಿಕೆಗಳನ್ನೂ ಬರುವ ಹಂಗಾಮಿನ ಮೊದಲ ಎರಡು ಕಂತುಗಳ ನಂತರ ಕಳುಹಿಸಿಕೊಡಿ. ಅದನ್ನು ನೋಡಿ ಮುಂದಿನದನ್ನು ಬರೆಯುತ್ತೇನೆ.